ಅದು ಟೈಲ್ಸ್ ಅಲ್ಲ, ಒಂದೊಂದೇ ಕಲ್ಲು ಕೂರಿಸಿದ ನೆಲ

ಮಾನ್ಯ ಸಂಪಾದಕರೇ,

ಹಳೇ ರೋಮನ್ ಮನೆಗಳ ನೆಲದ ಬಗ್ಗೆ ಹೋದ ವಾರ ನಿಮ್ ಪೇಪರಲ್ಲಿ ಬಂದಿದ್ದು ಓದಿ ಬಹಳ ಖುಷಿ ಆಯ್ತು, ಆದ್ರೆ "ಬಣ್ಣದ ಟೈಲ್ಸ್" ಅಂತ ಬರ್ದಿದ್ರಿ ನೋಡ್ರಿ, ಅದೊಂದೇ ಮನಸಿಗೆ ಚುಚ್ತು. ನಮ್ಮಪ್ಪ ಇಲ್ಲೇ ದಾವಣಗೆರೆಲಿ ಗಾರೆ ಕೆಲಸ ಮಾಡ್ತಿದ್ರು, ಆಮೇಲೆ ಮೊಸಾಯಿಕ್ ನೆಲಾನೂ ಹಾಕಿದ್ರು, ಅದಕ್ಕೇ ಬರೀತಿದೀನಿ.

ಟೈಲ್ಸ್ ಅಂದ್ರೆ ಚಿತ್ರ ಫ್ಯಾಕ್ಟ್ರಿಲೇ ಬಿದ್ದು ಬರುತ್ತೆ. ರೋಮನ್ ನೆಲ ಹಂಗಲ್ಲ, ಇಟಲಿಯ ಹಳೇ ರೋಮನ್ ಊರು ಪೊಂಪೇಲಿ 1831ರಲ್ಲಿ ಒಂದು ದೊಡ್ಡ ಮನೆ ನೆಲದಲ್ಲಿ ಅಲೆಕ್ಸಾಂಡರ್ ಯುದ್ಧದ ಚಿತ್ರ ಸಿಕ್ತಲ್ಲ, ಈಗ ನೇಪಲ್ಸ್ ಮ್ಯೂಸಿಯಮ್ಮಲ್ಲಿ ಐತೆ, 5 ಮೀಟರಿಗಿಂತ ಅಗಲ, ಅದರಲ್ಲಿ ಜೋಳದ ಕಾಳಿಗಿಂತ ಸಣ್ಣ ಕಲ್ಲಿನ ಚೂರುಗಳು 10 ಲಕ್ಷಕ್ಕೂ ಜಾಸ್ತಿ, ಎಲ್ಲಾ ಕೈಲೇ ಕೂರ್ಸಿದ್ದು, ಕುದುರೆ ಮೈ ಮೇಲಿನ ನೆರಳೂ ಕಲ್ಲಲ್ಲೇ ಬಂದೈತೆ ಅಂದ್ರೆ ಎಂಥಾ ಕೈ ಇರ್ಬೇಕು!

ಚಿತ್ರದ ಕೆಳಗಡೆ ಏನೈತೆ ಅಂತ ಯಾರೂ ಬರೆಯಲ್ಲ. ವಿಟ್ರುವಿಯಸ್ ಅನ್ನೋ ರೋಮನ್ ಕಟ್ಟಡದವರು 2000 ವರ್ಷದ ಹಿಂದೆನೇ ಬರ್ದಿಟ್ಟಿದಾರೆ: ತಳಕ್ಕೆ ಮುಷ್ಟಿಯಷ್ಟು ಕಲ್ಲು, ಅದರ ಮೇಲೆ 3 ಪಾಲು ಜಲ್ಲಿಗೆ 1 ಪಾಲು ಸುಣ್ಣ ಹಾಕಿ ಗುಂಪು ಕಟ್ಕೊಂಡು ಮರದ ದಿಮ್ಮಸು ಹೊಡೀಬೇಕು, ಅದರ ಮೇಲೆ 3 ಪಾಲು ಹಂಚಿನ ಪುಡಿಗೆ 1 ಪಾಲು ಸುಣ್ಣ, ಆಮೇಲೇ ಚೂರು ಕೂರ್ಸೋದು. ಇದನ್ನ ಓದ್ತಿದ್ರೆ ನನಗೆ ಅಪ್ಪನೇ ಕಣ್ಮುಂದೆ ಬಂದ್ರು, ಅವರೂ ಇಟ್ಟಿಗೆ ಪುಡಿ, ಸುಣ್ಣ ಸೇರ್ಸಿ ಗಾರೆ ಅರೀತಿದ್ರು, "ತಳ ಗಟ್ಟಿ ಇಲ್ದಿದ್ರೆ ಮೇಲೆ ಏನ್ ಹಾಕಿದ್ರೂ ಬಿರುಕು ಬಿಡುತ್ತೆ ಕಣೋ" ಅಂತಿದ್ರು.

ಟರ್ಕಿಲಿ ಯೂಫ್ರಟಿಸ್ ನದಿಗೆ ಡ್ಯಾಮ್ ಕಟ್ಟಿ 2000ದಲ್ಲಿ ನೀರು ಏರೋವಾಗ ಜ್ಯೂಗ್ಮಾ ಅನ್ನೋ ರೋಮನ್ ಕಾಲದ ಊರಿನ ಇಂಥಾ ನೆಲಗಳನ್ನ ಆರ್ಕಿಯಾಲಜಿಯವರು ಅವಸರದಲ್ಲಿ ಎತ್ತಿ ಉಳ್ಸಿದ್ರು, ಈಗ ಗಾಜಿಯಾಂತೆಪ್‌ನಲ್ಲಿ ಅದಕ್ಕೇ ಅಂತ ಮ್ಯೂಸಿಯಂ ಐತೆ. ಇಲ್ಲಿ ನಮ್ಮ ಹಳೇ ಪೇಟೆ ಮನೆಗಳ ಗಾರೆ ನೆಲ ಜೆಸಿಬಿ ಹಲ್ಲಿಗೆ ಹೋಗ್ತಾ ಐತೆ, ಒಂದು ಫೋಟೋ ಕೂಡ ಯಾರೂ ತೆಗ್ದಿಡಲ್ಲ, ಹೊಟ್ಟೆ ಉರಿಯುತ್ತೆ.

ರೋಮ್ ನಮಗೇನ್ ಸಂಬಂಧ ಅನ್ನೋರಿಗೆ ಹೇಳ್ತೀನಿ, ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಲೇ ರೋಮನ್ ಬೆಳ್ಳಿ ನಾಣ್ಯ ಸಿಕ್ಕಾವೆ.

ದಯವಿಟ್ಟು ಟೈಲ್ಸ್ ಅನ್ನೋದನ್ನ ತಿದ್ದಿ ಹಾಕಿ. ಹಂಗೇ ಗಾರೆ ನೆಲ ಹಾಕಿದ್ದ ಮುದುಕರು ಇನ್ನೂ ನಾಲ್ಕೈದು ಜನ ನಮ್ಮ ಕಡೆ ಇದಾರೆ, ನಿಮ್ಮ ವರದಿಗಾರರನ್ನ ಕಳ್ಸಿದ್ರೆ ನಾನೇ ಕರ್ಕೊಂಡು ಹೋಗಿ ಮಾತಾಡ್ಸ್ತೀನಿ.

ಇಂತಿ,
ಓದುಗ, ದಾವಣಗೆರೆ