ಸಿರಿಯಸ್‌ಎಕ್ಸ್‌ಎಂ ಕಂಪ್ಯೂಟರಿನಲ್ಲಿ ಕೇಳುವವರ ಗಮನಕ್ಕೆ

ಅಮೆರಿಕದಲ್ಲಿರುವ ಸದಸ್ಯರಿಗೆ: ಸಿರಿಯಸ್‌ಎಕ್ಸ್‌ಎಂ ಉಪಗ್ರಹ ರೇಡಿಯೋ ಸೇವೆಯಾದರೂ ಅದರ ಡೆಸ್ಕ್‌ಟಾಪ್ ಆ್ಯಪ್ ಓಡುವುದು ಇಂಟರ್ನೆಟ್ ಮೇಲೆ. ಉಪಗ್ರಹದ 2.3 ಗಿಗಾಹರ್ಟ್ಸ್ ಸಿಗ್ನಲ್ ಹಿಡಿಯುವುದು ಕಾರಿನಲ್ಲಿರುವಂಥ ಉಪಗ್ರಹ ರೇಡಿಯೋ ರಿಸೀವರ್, ಕಂಪ್ಯೂಟರ್ ಅಲ್ಲ. ಹಾಗಾಗಿ ಆಂಟೆನಾ ಕೊಳ್ಳಬೇಡಿ, ವೈ-ಫೈ ನೋಡಿಕೊಳ್ಳಿ.

ಮೊದಲು ನಿಮ್ಮ ಪ್ಲ್ಯಾನ್‌ನಲ್ಲಿ ಸ್ಟ್ರೀಮಿಂಗ್ ಸೇರಿದೆಯೇ ಖಚಿತಪಡಿಸಿಕೊಳ್ಳಿ. ಖಾತೆಗೆ ಲಿಂಕ್ ಮಾಡಲು ರೇಡಿಯೋ ಐಡಿ (ನಿಮ್ಮ ರಿಸೀವರ್‌ನ ಗುರುತು ಸಂಖ್ಯೆ) ಕೇಳಿದರೆ, ಕಾರಿನಲ್ಲಿ ಚಾನೆಲ್ 0 ಹಾಕಿ, ಪರದೆಯ ಮೇಲೆ ಬರುತ್ತದೆ. ಸೊನ್ನೆ ಮತ್ತು ಓ ಅಕ್ಷರ ಅದಲುಬದಲಾಗುವುದೇ ಇಲ್ಲಿನ ಮಾಮೂಲಿ ತಪ್ಪು. ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ಸೇವೆ) ಆನ್ ಇದ್ದರೆ ನೀವು ಬೇರೆ ದೇಶದಲ್ಲಿದ್ದೀರಿ ಎಂದುಕೊಂಡು ಆ್ಯಪ್ ನಿಲ್ಲಬಹುದು. ಆಫ್ ಮಾಡಿ ಮತ್ತೆ ತೆರೆಯಿರಿ.

ಹಾಡು ಓಡುತ್ತಿದೆ, ದನಿ ಇಲ್ಲವೇ? ವಿಂಡೋಸ್ ವಾಲ್ಯೂಮ್ ಮಿಕ್ಸರ್ ತೆರೆದು ಆ್ಯಪ್‌ನ ಔಟ್‌ಪುಟ್ ಯಾವ ಸ್ಪೀಕರ್‌ಗೆ ಹೋಗಿದೆ ನೋಡಿ. ಹೆಚ್ಚಿನ ಸಲ ಬಿಚ್ಚಿಟ್ಟ ಮಾನಿಟರ್‌ಗೋ ಹಳೇ ಹೆಡ್‌ಸೆಟ್‌ಗೋ ಹೋಗಿರುತ್ತದೆ. ಬ್ಲೂಟೂತ್‌ನಲ್ಲಿ ದನಿ ಫೋನ್ ಕರೆಯಂತೆ ಬಡಕಲಾದರೆ ಬೇರೊಂದು ಆ್ಯಪ್ ಮೈಕ್ ಬಳಸುತ್ತಿದೆ ಎಂದರ್ಥ. ಅದನ್ನು ಮುಚ್ಚಿದರೆ ಸಾಕು.

ಡೇಟಾ ಮಿತಿ ಇದ್ದವರಿಗೆ: ಸ್ಟ್ರೀಮಿಂಗ್ ಗುಣಮಟ್ಟ 256 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಇದ್ದರೆ ಗಂಟೆಗೆ ಸುಮಾರು 115 ಎಂಬಿ ಖರ್ಚು, 64ರಲ್ಲಿ 29. ಮಾತಿನ ಚಾನೆಲ್‌ಗಳಿಗೆ ಕಡಿಮೆ ಗುಣಮಟ್ಟ ಧಾರಾಳ ಸಾಕು.

ಆಟದ ನೇರ ವಿವರಣೆ ಟಿವಿಗಿಂತ ಹಿಂದೆ ಬೀಳುವುದು ಬಫರ್‌ನಿಂದ (ಆ್ಯಪ್ ಮುಂಚಿತವಾಗಿ ಸ್ವಲ್ಪ ಧ್ವನಿ ತುಂಬಿಟ್ಟುಕೊಳ್ಳುವುದರಿಂದ), ದೋಷವಲ್ಲ. ಟಿವಿಯನ್ನೇ ಸ್ವಲ್ಪ ಹೊತ್ತು ತಡೆದು ನಿಲ್ಲಿಸಿ (ಪಾಝ್) ಹೊಂದಿಸಿಕೊಳ್ಳಿ.