ಕಿವು ಅವರಿಗೂ ವೆರೋನಾದ ವೈದ್ಯರಿಗೂ ಧನ್ಯವಾದ

ಕ್ರಿಸ್ಟಿಯಾನ್ ಕಿವು ಅವರೇ, ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವರನ್ನು ಎಲ್ಲರೂ ನೆನೆಯುತ್ತಾರೆ. ಗೋಲು ಆಗದಂತೆ ತಡೆದವರಿಗೆ ಯಾರಾದರೂ ಕೂತು ಬರೆದು ಧನ್ಯವಾದ ಹೇಳಬೇಕಾಗುತ್ತದೆ. ಡಿಫೆಂಡರ್‌ಗಳ ಆಟವನ್ನೇ ಗಮನವಿಟ್ಟು ನೋಡುವ ನಾವು ಆ ಕೆಲಸ ಮಾಡುತ್ತಿದ್ದೇವೆ.

ಮೊದಲ ನಮಸ್ಕಾರ ರೊಮೇನಿಯಾದ ರೆಶಿತ್ಸಾ ಊರಿಗೆ, ಅಲ್ಲಿ ಆಟಗಾರರೂ ಕೋಚ್ ಕೂಡ ಆಗಿದ್ದ ನಿಮ್ಮ ತಂದೆ ಮಿರ್ಚಾ ಕಿವು ಅವರಿಗೆ. ಅಲ್ಲಿನ ಕ್ರೀಡಾಂಗಣಕ್ಕೆ ಇವತ್ತು ಅವರದೇ ಹೆಸರು. ಅಲ್ಲಿಂದ ರೊಮೇನಿಯಾದ್ದೇ ಕ್ರಯೋವಾ ಕ್ಲಬ್, 1999ರಲ್ಲಿ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್. ಚಿಕ್ಕ ವಯಸ್ಸಿಗೇ ಆ ತಂಡದ ನಾಯಕರಾದಿರಿ. 2001-02ರಲ್ಲಿ ಡಚ್ ಲೀಗ್, ಕಪ್ ಎರಡೂ ಬಂದವು. ಯುರೋಪಿನ ದೇಶಗಳ ಟೂರ್ನಿಯಾದ 2000ದ ಯೂರೊದಲ್ಲಿ, ಬೆಲ್ಜಿಯಂನ ಶಾರ್ಲರ್ವಾದಲ್ಲಿ, ಇಂಗ್ಲೆಂಡ್ ವಿರುದ್ಧ ಎಡಗಡೆಯಿಂದ ನೀವು ಎತ್ತಿ ಕಳಿಸಿದ ಚೆಂಡು ಯಾರಿಗೂ ತಾಗದೆ ದೂರದ ಕಂಬಕ್ಕೆ ಬಡಿದು ಒಳಗೆ ಹೋಯಿತು. ರೊಮೇನಿಯಾ 3-2ರಿಂದ ಗೆದ್ದು ಕ್ವಾರ್ಟರ್ ಫೈನಲ್ ಸೇರಿತು. ಇಟಲಿಯ ರೋಮಾ ಕ್ಲಬ್‌ನಲ್ಲಿ ನಾಲ್ಕು ವರ್ಷ ಆಡಿ, 2007ರಲ್ಲಿ ಮಿಲಾನ್‌ನ ಇಂಟರ್ ಕ್ಲಬ್‌ಗೆ ಬಂದಿರಿ.

ನಮ್ಮ ದೊಡ್ಡ ಋಣ ಇರುವುದು 2010ಕ್ಕೆ. ಜನವರಿ 6ರಂದು ವೆರೋನಾದಲ್ಲಿ ಕಿಯೆವೊ ತಂಡದ ವಿರುದ್ಧ ಚೆಂಡನ್ನು ತಲೆಯಿಂದ ಹೊಡೆಯಲು, ಅಂದರೆ ಹೆಡರ್‌ಗೆ, ಎದ್ದಾಗ ಎದುರಾಳಿ ಪೆಲಿಸ್ಸಿಯೆರ್ ತಲೆಗೆ ನಿಮ್ಮ ತಲೆ ಬಡಿದು ಬುರುಡೆ ಮುರಿಯಿತು. ಅದೇ ಊರಿನಲ್ಲಿ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ದಾದಿಯರಿಗೆ ನಾವು ಕೈಮುಗಿಯುತ್ತೇವೆ. ಆ ವಸಂತದಲ್ಲೇ ನೀವು ತಲೆಗೆ ಮೆತ್ತನೆಯ ರಕ್ಷಾಕವಚ ಕಟ್ಟಿಕೊಂಡು ಮೈದಾನಕ್ಕೆ ಮರಳಿದಿರಿ. ಅಂಥ ಕವಚ ಪೆಟ್ಟಿನ ಬಿರುಸನ್ನು ತಗ್ಗಿಸುತ್ತದೆ, ಆದರೆ ತಲೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಅದನ್ನು ಹಾಕಿಕೊಂಡೂ ಹೆಡರ್‌ಗೆ ಹಾರಬೇಕಾದರೆ ಗಂಡೆದೆಯೇ ಬೇಕು. ಏಪ್ರಿಲ್ 24ರಂದು ಅಟಲಾಂಟಾ ವಿರುದ್ಧ ಗೋಲನ್ನೂ ಹೊಡೆದಿರಿ!

ನಾಲ್ಕೇ ದಿನಕ್ಕೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಸೆಮಿಫೈನಲ್‌ನ ಎರಡನೇ ಪಂದ್ಯ. ವಾರ್ಮಪ್ ವೇಳೆ ನಿಮ್ಮ ತಂಡದ ಪಾಂಡೆವ್ ಗಾಯಗೊಂಡರು, ಅವರ ಜಾಗಕ್ಕೆ ನಿಮ್ಮನ್ನು ಕರೆದರು. ಲೆಫ್ಟ್ ಬ್ಯಾಕ್‌ನಲ್ಲಿ, ಅಂದರೆ ಎಡ ಅಂಚಿನ ಡಿಫೆಂಡರ್ ಜಾಗದಲ್ಲಿ, ಝನೆಟ್ಟಿ, ಅವರ ಮುಂದೆ ನೀವು. 28ನೇ ನಿಮಿಷಕ್ಕೆ ನಿಮ್ಮ ತಂಡದ ಮೊಟ್ಟಾಗೆ ರೆಡ್ ಕಾರ್ಡ್. ಉಳಿದದ್ದೆಲ್ಲ ಹತ್ತೇ ಜನರ ಆಟ. 0-1ರಲ್ಲಿ ಸೋತರೂ ಎರಡೂ ಪಂದ್ಯ ಸೇರಿ 3-2ರಿಂದ ಫೈನಲ್ ಕೈಗೆ ಬಂತು.

ಮೇ 22, ಮ್ಯಾಡ್ರಿಡ್‌ನಲ್ಲಿ ಫೈನಲ್. ಎದುರಿಗೆ ಜರ್ಮನಿಯ ಬಾಯರ್ನ್ ತಂಡದ ರಾಬೆನ್. ಬಲ ಅಂಚಿನಲ್ಲಿ ಆಡುವ ಎಡಗಾಲಿನ ಆಟಗಾರ ಅವರು. ಚೆಂಡನ್ನು ಒಳಕ್ಕೆ ತಂದು ಹೊಡೆಯುವುದು ಅವರ ರೂಢಿ. ಎಡಗಾಲಿನ ಲೆಫ್ಟ್ ಬ್ಯಾಕ್‌ಗೆ ಇದೇ ಕಷ್ಟ. ಒಳಕ್ಕೆ ತಿರುಗುವವನನ್ನು ತನಗೆ ಅಷ್ಟು ಪಳಗದ ಬಲಗಾಲಿನಲ್ಲೇ ತಡೆಯಬೇಕು, ಕಾಲು ಅರೆಕ್ಷಣ ತಡವಾದರೂ ಫೌಲ್. ಉಪಾಯ ಒಂದೇ: ಮೈಯನ್ನು ಓರೆಯಾಗಿಟ್ಟು ಒಳದಾರಿ ಮುಚ್ಚಬೇಕು, ಅವನನ್ನು ಸೈಡ್‌ಲೈನ್ ಕಡೆಗೆ ತಳ್ಳಬೇಕು, ಒಳಗಿನ ಜಾಗ ಕಾಯಲು ಮಿಡ್‌ಫೀಲ್ಡರ್ ಒಬ್ಬರು ಪಕ್ಕದಲ್ಲಿರಬೇಕು. 30ನೇ ನಿಮಿಷಕ್ಕೇ ನಿಮಗೆ ಹಳದಿ ಕಾರ್ಡ್ ಬಿತ್ತು. ಅಲ್ಲಿಂದಾಚೆ ಇನ್ನೊಂದು ತಪ್ಪು ಟ್ಯಾಕಲ್ ಆಗಿದ್ದರೆ ಕಥೆ ಮುಗಿಯುತ್ತಿತ್ತು. 68ನೇ ನಿಮಿಷದಲ್ಲಿ ಸ್ಟಾಂಕೊವಿಚ್ ನಿಮ್ಮ ಬದಲಿಗೆ ಬಂದರು, ಝನೆಟ್ಟಿ ಲೆಫ್ಟ್ ಬ್ಯಾಕ್‌ಗೆ ಸರಿದರು. ಮಿಲಿಟೊ ಹೊಡೆದ ಎರಡು ಗೋಲು ಸಾಕಾಯಿತು. ಬುರುಡೆ ಮುರಿದು 136 ದಿನಕ್ಕೆ ಲೀಗ್, ಇಟಾಲಿಯನ್ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಗೆದ್ದ ತಂಡದಲ್ಲಿ ನೀವಿದ್ದಿರಿ.

ಸೆಂಟರ್ ಬ್ಯಾಕ್, ಲೆಫ್ಟ್ ಬ್ಯಾಕ್, 2008ರ ಯೂರೊದಲ್ಲಿ ಮಿಡ್‌ಫೀಲ್ಡ್ ಕೂಡ: ನಿಲ್ಲು ಅಂದಲ್ಲಿ ನಿಂತಿರಿ. ರೊಮೇನಿಯಾ ಪರ 75 ಪಂದ್ಯ ಆಡಿದಿರಿ. 2014ರಲ್ಲಿ ಬೂಟು ಬಿಚ್ಚಿದ ಮೇಲೂ ಇಂಟರ್‌ನ ಹುಡುಗರ ತಂಡಗಳಿಗೆ ಆಟ ಕಲಿಸಿದಿರಿ, 2025ರಲ್ಲಿ ಪಾರ್ಮಾ ತಂಡವನ್ನು ಇಟಲಿಯ ಮೊದಲ ದರ್ಜೆಯ ಸೀರಿ ಎ ಲೀಗ್‌ನಲ್ಲಿ ಉಳಿಸಿದಿರಿ, ಅದೇ ವರ್ಷ ಇಂಟರ್‌ನ ಕೋಚ್ ಆದಿರಿ. ಇಷ್ಟಕ್ಕೂ ನಮ್ಮ ಹೃತ್ಪೂರ್ವಕ ಧನ್ಯವಾದಗಳು.