ಒಣಗಿ ಹೋಗ್ತೀನಿ ಅಂದೆಯಲ್ಲ

ಚಿ. ಸುಮಾಗೆ ಗದಗದಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಿನ್ನ ಅವ್ವನ ಸಲುವಾಗಿ ನೀನು ಹಾವೇರಿಯ ಮನೆಯಲ್ಲೇ ಉಳಿದ ಸಂಗತಿ ಗೊತ್ತಿದ್ದದ್ದೇ, ಅದನ್ನು ಬಿಡು. “ಗೆಳತಿಯರೆಲ್ಲ ಹಕ್ಕಿಗಳ ಹಾಗೆ ಹಾರಿದರು, ನಾನು ಬಸವನಹುಳು, ಇದ್ದಲ್ಲೇ ಒಣಗಿ ಹೋಗ್ತೀನಿ” ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ಬಸವನಹುಳು ಅಷ್ಟು ಸುಲಭಕ್ಕೆ ಒಣಗುವುದಿಲ್ಲ, ತಂಗಿ. ಬೇಸಿಗೆಯಲ್ಲಿ ಚಿಪ್ಪಿನೊಳಗೆ ಸರಿದು, ತನ್ನ ಲೋಳೆಯಿಂದಲೇ ಚಿಪ್ಪಿನ ಬಾಯಿಗೆ ತೆಳು ಪರದೆ ಕಟ್ಟಿಕೊಳ್ಳುತ್ತದೆ. ಎದೆಬಡಿತವನ್ನೂ ನಿಧಾನ ಮಾಡಿಕೊಂಡು ಮಳೆಗೆ ಕಾಯುತ್ತದೆ. ಈಜಿಪ್ಟಿನ ಮರಳುಗಾಡಿನ ಒಂದು ಹುಳುವನ್ನು ಬರೀ ಚಿಪ್ಪು ಅಂತ ತಿಳಿದು 1846ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಟ್ಟಿಗೆ ಅಂಟಿಸಿಟ್ಟಿದ್ದರು. 1850ರಲ್ಲಿ ನೋಡಿದರೆ ಹೊಸದಾಗಿ ಕಟ್ಟಿದ ಪರದೆ! ಉಗುರುಬೆಚ್ಚಗಿನ ನೀರಲ್ಲಿ ಇಟ್ಟರು. ಜೀವ ಇತ್ತು. ನಾಲ್ಕು ವರ್ಷ, ಸುಮಾ.

ಹಾರುವ ಹಕ್ಕಿಯದ್ದೂ ಬರೀ ಸುಖ ಅಲ್ಲ. ಗಾಡ್‌ವಿಟ್ ಅಂತ ಕಡಲ ದಡದ ಹಕ್ಕಿ. 2022ರಲ್ಲಿ ಐದು ತಿಂಗಳ ಒಂದು ಮರಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ ಹಾರಿತು. ಸುಮಾರು 13,560 ಕಿ.ಮೀ. ದಾರಿಯಲ್ಲಿ ದಣಿದರೆ ನೀರಿನ ಮೇಲೆ ಕೂರಲೂ ಅದಕ್ಕೆ ಬರುವುದಿಲ್ಲ. ಹೊರಡುವ ಮೊದಲು ಮೈತುಂಬ ಕೊಬ್ಬು ಕೂಡಿಸಿ, ತನ್ನ ಕರುಳನ್ನೇ ಕುಗ್ಗಿಸಿಕೊಳ್ಳುತ್ತದೆ. ನಿನ್ನ ಗೆಳತಿಯರು ಏನೇನು ಕುಗ್ಗಿಸಿಕೊಂಡು ಹೋದರೋ, ಅವರು ನಿನಗೆ ಹೇಳಿರಲಿಕ್ಕಿಲ್ಲ.

ನನ್ನ ಓರಗೆಯವರು ಮುಂಬೈ, ಪುಣೆ ಸೇರಿದಾಗ ನಾನು ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತೆ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುತ್ತಿದ್ದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಬಾತುಗಳು, ಕೆಸರಲ್ಲಿ ಕೊಕ್ಕು ಊರಿ ಓಡಾಡುವ ಗೊರವಗಳು. ಅವನ್ನು ನೋಡುತ್ತ ನಿನ್ನ ಹಾಗೇ ಹೆದರುತ್ತಿದ್ದೆ. ನಿನ್ನ ಅಜ್ಜನ ಮುಂದೆ ಯಾವತ್ತೂ ಬಾಯಿ ಬಿಡಲಿಲ್ಲ. ಅವರೂ ಕೇಳಲಿಲ್ಲ. ಅದೊಂದು ಈಗಲೂ ಕೊರೆಯುತ್ತದೆ. ನೀನು ಬರೆದೆ, ಅಷ್ಟಾದರೂ ಆಯಿತು.

ನಿನ್ನ ಹೆದರಿಕೆ ಸುಳ್ಳು ಅಂತ ಹೇಳಲಾರೆ. ಮಳೆಯೇ ಬಾರದಿದ್ದರೆ ಬಸವನಹುಳುವೂ ಸಾಯುತ್ತದೆ. ಆದರೆ ಪರದೆ ಕಟ್ಟಿಕೊಂಡು ಕೂತದ್ದನ್ನೆಲ್ಲ ಒಣಗಿದ್ದು ಅನ್ನಬೇಡ. ಲೈಬ್ರರಿಗೆ ಹೋಗುವುದನ್ನು ಬಿಟ್ಟಿದ್ದೀಯಂತೆ, ಮತ್ತೆ ಹೋಗಲಿಕ್ಕೆ ಆಗುತ್ತಾ ನೋಡು. ದೂರ ಕೂತು ಹೇಳುವುದು ಸುಲಭ ಅಂತ ನನಗೂ ಗೊತ್ತು. ಹಾವೇರಿಗೆ ಬಂದು ಎಂಟು ದಿನ ನಿನ್ನ ಅವ್ವನ ಹತ್ತಿರ ಇರುತ್ತೇನೆ ಅಂತ ನಿನ್ನ ಕಾಕಿ ಹೇಳಿದ್ದಾಳೆ. ಬೇಡ ಅನ್ನಬೇಡ. ಯಾವಾಗ ಬರಬೇಕು ಅಂತಷ್ಟೇ ತಿಳಿಸು.

ಇಂತಿ,
ನಿನ್ನ ಕಾಕಾ